ಅತಿಥಿಗೆ ಸೋಬಾ ಆಗುವುದಿಲ್ಲ

ನಿಹೊನ್‌ಬಾಶಿಯ ಕಚೇರಿಗಳಲ್ಲಿ ಹನ್ನೆರಡು ಹೊಡೆಯುವುದೇ ತಡ, ಲಿಫ್ಟುಗಳು ಜನರನ್ನು ತುಂಬಿ ತುಂಬಿ ಬೀದಿಗೆ ಸುರಿಯುತ್ತವೆ. ಒಂದು ಗಂಟೆಯೊಳಗೆ ಸಾಲಿನಲ್ಲಿ ನಿಂತು, ಜಾಗ ಹಿಡಿದು, ಉಂಡು, ಮತ್ತೆ ಕುರ್ಚಿಗೆ ಮರಳಬೇಕು. ಯಾವ ಗಲ್ಲಿಯಲ್ಲಿ ಸಾಲು ಚಿಕ್ಕದು, ಯಾವ ನೆಲಮಾಳಿಗೆಯಲ್ಲಿ ಮಂಗಳವಾರ ಮಾತ್ರ ಬಂಗಡೆ ಸುಟ್ಟು ಕೊಡುತ್ತಾರೆ ಎಂಬುದೆಲ್ಲ ಬಾಯಿಪಾಠ ಇದ್ದವರಿಗೆ ಇಲ್ಲಿ ಒಂದು ಮರ್ಯಾದೆ. ಕಾಗದದ ಸಗಟು ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದ ಕುಸುಮೋತೊ ಚಿಹಾಯಾಗೆ ಆ ಮರ್ಯಾದೆ ಇತ್ತು. ಮೂರು ಮಹಡಿಯವರೂ ಊಟಕ್ಕೆ ಹೊರಡುವ ಮುಂಚೆ ಅವಳ ಮೇಜಿನ ಹತ್ತಿರ ಬಂದು ಒಂದು ಮಾತು ಕೇಳಿಯೇ ಹೋಗುತ್ತಿದ್ದರು.

ಎರಡು ವರ್ಷದಿಂದ ಮಾತ್ರ ಯಾರು ಕೇಳಿದರೂ ಅವಳದು ಒಂದೇ ಉತ್ತರ, ನನಗೇನೂ ಗೊತ್ತಿಲ್ಲಪ್ಪ ಎಂದು. ಮನೆಯಿಂದ ತಂದ ಅನ್ನದುಂಡೆಯನ್ನು ಮೇಜಿನಲ್ಲೇ ತಿಂದು, ನೀರು ಕುಡಿದು, ಕೆಲಸಕ್ಕೆ ಕೂರುತ್ತಿದ್ದಳು.

ಅದಕ್ಕೆ ಕಾರಣ ಮಿಜುಶಿಮಾ ಎಂಬ ಸಹೋದ್ಯೋಗಿ. ಅವಳಿಗೆ ಸೋಬಾ ಎಂಬ ಕಾಳು ಆಗುತ್ತಿರಲಿಲ್ಲ. ಆ ಧಾನ್ಯದ ಹಿಟ್ಟು ಹೊಟ್ಟೆಗೆ ಹೋದರೆ ಉಸಿರೇ ಕಟ್ಟುತ್ತದೆ ಎಂದು ಮೊದಲೇ ಹೇಳಿದ್ದಳು. ಚಿಹಾಯಾ ಅವಳನ್ನು ಗೋಧಿ ಶಾವಿಗೆಯ ಅಂಗಡಿಗೆ ಕರೆದೊಯ್ದು, ಇದು ಬರೀ ಗೋಧಿ, ಧೈರ್ಯವಾಗಿ ತಿನ್ನು ಎಂದಿದ್ದಳು. ಗೋಧಿ ಶಾವಿಗೆ, ಸೋಬಾ ಶಾವಿಗೆ ಎರಡನ್ನೂ ಅಲ್ಲಿ ಒಂದೇ ಹಂಡೆಯ ನೀರಿನಲ್ಲಿ ಬೇಯಿಸುತ್ತಾರೆಂಬುದು ಅವಳ ತಲೆಗೆ ಹೊಳೆದಿರಲಿಲ್ಲ. ಮಿಜುಶಿಮಾ ಅಂಗಡಿಯ ಮುಂದಿನ ಕಾಲುದಾರಿಯಲ್ಲಿ ಕುಸಿದಳು. ಯಾರೋ ದಾರಿಹೋಕರು ಅವಳ ಕೊರಳಪಟ್ಟಿ ಸಡಿಲಿಸಿದರು, ಇನ್ನಾರೋ ಫೋನು ಮಾಡಿದರು. ಚಿಹಾಯಾ ಮಾತ್ರ ಎರಡೂ ಕೈ ಇಳಿಬಿಟ್ಟು ಕಂಬದ ಹಾಗೆ ನಿಂತಿದ್ದಳು. ಮಿಜುಶಿಮಾ ಬದುಕಿದಳು, ಬೈಯಲೂ ಇಲ್ಲ. ಮೂರು ತಿಂಗಳಾದ ಮೇಲೆ ನಗೊಯಾಗೆ ವರ್ಗ ಮಾಡಿಸಿಕೊಂಡು ಹೋದಳು.

ವಿಭಾಗದ ಮುಖ್ಯಸ್ಥ ತೊಕುನಾಗಾಗೆ ಇದು ತಿಳಿಯದು. ಆಗ ಅವರು ಒಸಾಕಾ ಶಾಖೆಯಲ್ಲಿದ್ದರು. ಒಂದು ಸೋಮವಾರ ಬೆಳಿಗ್ಗೆ ಚಿಹಾಯಾಳನ್ನು ಕರೆದು ಹೇಳಿದರು:

"ನಾಡಿದ್ದು ಸೆಂದಾಯಿಯಿಂದ ನಮ್ಮ ಗಿರಾಕಿ ಇವಾಕಾಮಿಯವರು ಬರ್ತಾರೆ. ಮಧ್ಯಾಹ್ನದ ಊಟಕ್ಕೆ ಒಳ್ಳೇ ಜಾಗ ನೋಡಮ್ಮ. ಅಂದ ಹಾಗೆ, ಅವರಿಗೆ ಸೋಬಾ ಆಗಲ್ವಂತೆ."

ಚಿಹಾಯಾ ಒಂದು ಹೆಜ್ಜೆ ಹಿಂದೆ ಸರಿದಳು. "ಸಾರ್, ಇದೊಂದು ನನ್ನ ಕೈಲಾಗಲ್ಲ. ಬೇರೆ ಯಾರಿಗಾದ್ರೂ ಹೇಳಿ."

"ಯಾರಿಗೆ ಹೇಳ್ಲಿ? ಒನೊದೆರಾಗೆ ಹೇಳಿದ್ರೆ ನಿಂತ್ಕೊಂಡು ತಿನ್ನೋ ಕಡೆ ಕರ್ಕೊಂಡು ಹೋಗ್ತಾನೆ. ಸೋಬಾ ಒಂದು ಬಿಟ್ಟು ಇನ್ನೇನಾದ್ರೂ ಹಾಕ್ಸಿದ್ರಾಯ್ತು. ಇಷ್ಟಕ್ಕೆಲ್ಲ ಮುಖ ಯಾಕೆ ಬೆಳ್ಳಗೆ ಮಾಡ್ಕೋತೀಯ?"

ಕಾರಣ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು.

ಅಂದೂ ಮರುದಿನವೂ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವಳು ಅಂಗಡಿ ಅಂಗಡಿ ಅಲೆದಳು. ಒಂದು ಕಾಲಕ್ಕೆ ಕಂಡರೆ ಬಾಯಲ್ಲಿ ನೀರೂರುತ್ತಿದ್ದ ಬಾಗಿಲುಗಳು ಈಗ ಎದೆ ನಡುಗಿಸುತ್ತಿದ್ದವು. ಕರಿದ ಸೀಗಡಿಯ ಅಂಗಡಿಯಲ್ಲಿ ಒಳಗಿನಿಂದ ಹಿಟ್ಟಿನ ಧೂಳು ಹಾರಿ ಬರುವುದನ್ನು ಕಂಡು ಹೊಸ್ತಿಲಿಂದಲೇ ಹಿಂತಿರುಗಿದಳು. ಇನ್ನೊಂದು ಕಡೆ ಮಾಲೀಕ ತಲೆಯೆತ್ತದೆ, ಇಲ್ಲ ಇಲ್ಲ, ನಮ್ಮಲ್ಲಿ ಸೋಬಾ ಇಲ್ಲವೇ ಇಲ್ಲ ಎಂದ. ಅಷ್ಟು ಸಲೀಸಾಗಿ ಬಂದ 'ಇಲ್ಲ'ವನ್ನು ಅವಳಿಂದ ನಂಬಲಾಗಲಿಲ್ಲ. ನೆಲಮಾಳಿಗೆಯಲ್ಲಿ ಅನ್ನ, ಮೀನು ಬಡಿಸುವ ಮುದುಕಿಯೊಬ್ಬಳು ಮಾತ್ರ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು, "ಆಣೆ ಮಾಡಿ ಹೇಳಲಾರೆ ತಾಯಿ. ಪಕ್ಕದ ಸೋಬಾ ಅಂಗಡಿಯವರ ಪಾತ್ರೆ ನನ್ನಲ್ಲಿ, ನನ್ನ ಪಾತ್ರೆ ಪಕ್ಕದವರಲ್ಲಿ. ಕರ್ಕೊಂಡು ಬರ್ಬೇಡ," ಎಂದಳು. ಆ ಮಾತಿಗೆ ಚಿಹಾಯಾ ಬಾಗಿ ನಮಸ್ಕರಿಸಿ ಬಂದಳು.

ಕೊನೆಗೆ ಕಂಡದ್ದು ಹಾವುಮೀನಿನ ಅಂಗಡಿ. ಕೆಂಡದ ಮೇಲೆ ಸುಟ್ಟ ಹಾವುಮೀನು, ಅನ್ನ, ಒಂದು ಸಾರು, ಉಪ್ಪಿನಕಾಯಿ. ಅಲ್ಲಿ ಬೇರೆ ಅಡುಗೆಯೇ ಇಲ್ಲ. ಮಾಲೀಕ ಶಿಗೆಮಾತ್ಸು ಅವಳನ್ನು ಅಡುಗೆಮನೆಯೊಳಕ್ಕೇ ಬಿಟ್ಟರು. ಸೋಯಾ ರಸದ ಶೀಶೆ ತಿರುಗಿಸಿ ಚೀಟಿ ಓದಿದಳು. ಸಾರಿಗೆ ಏನು ಹಾಕುತ್ತೀರಿ, ಉಪ್ಪಿನಕಾಯಿ ಎಲ್ಲಿಂದ ತರುತ್ತೀರಿ, ಸೋಬಾ ಹಿಟ್ಟು ಏನಾದರೂ ಒಳಗೆ ಬರುತ್ತದೆಯೇ ಎಂದು ಒಂದೊಂದನ್ನೂ ಎರಡೆರಡು ಸಲ ಕೇಳಿದಳು. ಅವರು ಬೇಸರಪಡದೆ ಹೇಳಿದರು. ಬುಧವಾರಕ್ಕೆ ಮಹಡಿಯ ಕೋಣೆ ಹಿಡಿದು ಬಂದಳು. ಆದರೂ ಏನೋ ಒಂದನ್ನು ಕೇಳದೆ ಬಿಟ್ಟೆನೇ ಎಂಬ ಹುಳ ಅವಳ ತಲೆಯನ್ನು ಕೊರೆಯುತ್ತಲೇ ಇತ್ತು.

ಇವಾಕಾಮಿ ಅರವತ್ತು ದಾಟಿದ, ತೆಳ್ಳಗಿನ, ಮೆಲುಮಾತಿನ ಮನುಷ್ಯ. ರೈಲಿನ ತಣ್ಣನೆ ಗಾಳಿಗೆ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಲೇ ಬಂದರು. ಅಂಗಡಿಯ ಮೆಟ್ಟಿಲು ಹತ್ತುವಾಗ ಚಿಹಾಯಾ ಅವರ ಪಕ್ಕಕ್ಕೆ ಸರಿದು, ತಪ್ಪು ತಿಳಿಯಬೇಡಿ, ನಿಮ್ಮ ಔಷಧಿ ಜೊತೆಗಿದೆಯೇ ಎಂದು ಕೇಳಿಯೇಬಿಟ್ಟಳು. ಅವರು ನಿಂತು ಅವಳ ಮುಖ ನೋಡಿದರು. ಚರ್ಮದ ಕೈಚೀಲ ತೆರೆದು ಪೆನ್ನಿನಂಥ ಚುಚ್ಚುಮದ್ದು ತೋರಿಸಿ, "ಇದನ್ನ ಕೇಳಿದವರಲ್ಲಿ ನೀವೇ ಮೊದಲಿಗರು ನೋಡಿ," ಎಂದರು.

ಅವರು, ತೊಕುನಾಗಾ, ಕಿರಿಯ ಉದ್ಯೋಗಿ ಒನೊದೆರಾ, ಚಿಹಾಯಾ, ನಾಲ್ವರು ತಗ್ಗು ಮೇಜಿನ ಸುತ್ತ ಕೂತರು. ಊಟ ತುಂಬಿದ್ದ ಅರಗಿನ ಪೆಟ್ಟಿಗೆಗಳ ಮುಚ್ಚಳ ತೆಗೆದಾಗ ಆವಿ ಎದ್ದಿತು. ಚಿಹಾಯಾ ತುತ್ತನ್ನು ಬಾಯಿಗಿಟ್ಟಳೇ ಹೊರತು ರುಚಿ ಹತ್ತಲಿಲ್ಲ. ಅವಳ ಕಣ್ಣೆಲ್ಲ ಅತಿಥಿಯ ಕತ್ತಿನ ಮೇಲೆ. ಒಮ್ಮೆ ಅವರು ಗಟ್ಟಿಯಾಗಿ ಕೆಮ್ಮಿದಾಗ ಅವಳ ಊಟದ ಕಡ್ಡಿಗಳು ನೆಲಕ್ಕೆ ಬಿದ್ದವು. ಮೀನಿನ ಮೇಲೆ ಉದುರಿಸಿಕೊಂಡ ಜುಮ್ಮೆನ್ನುವ ಮೆಣಸಿನ ಪುಡಿ ಗಂಟಲಿಗೆ ಹತ್ತಿತ್ತು, ಅಷ್ಟೇ. ಎಲ್ಲರೂ ನಕ್ಕರು. ಅವಳೂ ತುಟಿ ಹಿಗ್ಗಿಸಿದಳು.

ಊಟ ಮುಗಿಯಿತು. ಪೆಟ್ಟಿಗೆಗಳು ಖಾಲಿಯಾಗಿ ಕೆಳಗೆ ಹೋದವು. ಎರಡು ದಿನದಿಂದ ಹಿಡಿದಿಟ್ಟ ಉಸಿರನ್ನು ಚಿಹಾಯಾ ಆಗ ಬಿಟ್ಟಳು. ಅಷ್ಟರಲ್ಲಿ ಶಿಗೆಮಾತ್ಸುವಿನ ಹೆಂಡತಿ ನಾಲ್ಕು ಬಟ್ಟಲು ಬಿಸಿ ಚಹಾ ತಂದಿಟ್ಟಳು. ಇದು ಇಲ್ಲಿನ ವಿಶೇಷ, ನೆಗಡಿಗೂ ಹಿತ ಎಂದು ತೊಕುನಾಗಾ ಉಪಚಾರ ಮಾಡಿದರು. ಹೊಂಬಣ್ಣದ ನೀರು, ಹುರಿದ ಕಾಳಿನ ಘಮ. ಬಾರ್ಲಿಯದ್ದಿರಬೇಕು ಎಂದುಕೊಂಡಳು ಚಿಹಾಯಾ. ಬಾರ್ಲಿಯಾದರೆ ಇನ್ನೂ ಕಪ್ಪಗಿರಬೇಕಲ್ಲ? ಬಟ್ಟಲನ್ನು ಮೂಗಿನ ಹತ್ತಿರ ತಂದಳು. ಎರಡು ವರ್ಷದ ಹಿಂದೆ ಆ ಶಾವಿಗೆ ಅಂಗಡಿಯ ಹಂಡೆಯಿಂದ ಏಳುತ್ತಿದ್ದ ಆವಿಯ ವಾಸನೆ ಅದು.

ತಲೆಯೆತ್ತಿದಾಗ ಇವಾಕಾಮಿಯ ಬಟ್ಟಲು ತುಟಿಯ ಮೇಲಿತ್ತು. ಅವಳು ಮೇಜಿನ ಮೇಲೆಯೇ ಬಾಗಿ ಅವರ ಮುಂಗೈ ಹಿಡಿದೆಳೆದಳು. ಚಹಾ ಅವಳ ಕೈಮೇಲೂ ತೊಕುನಾಗಾರ ಮೊಣಕಾಲಿನ ಮೇಲೂ ಚೆಲ್ಲಿತು.

"ಕುಡೀಬೇಡಿ. ಇದು ಸೋಬಾ," ಎಂದಳು.

"ಕುಸುಮೋತೊ, ಏನಿದು ಹುಚ್ಚಾಟ," ಎಂದು ತೊಕುನಾಗಾ ಹಲ್ಲು ಕಚ್ಚಿ ಗದರಿದರು. ಶಿಗೆಮಾತ್ಸುವಿನ ಹೆಂಡತಿ ತಟ್ಟೆಯನ್ನು ಎದೆಗೊತ್ತಿಕೊಂಡು, ಸೋಬಾ ಕಾಳು ಹುರಿದು ಮಾಡಿದ್ದು ನಿಜ, ಆದರೆ ಇದು ಬರೀ ಚಹಾ ಅಲ್ಲವೇ ಎಂದಳು.

ಇವಾಕಾಮಿ ನಿಧಾನವಾಗಿ ತುಟಿ ಮುಟ್ಟಿಕೊಂಡರು. "ಒಂದು ಗುಟುಕು ಹೋಯ್ತು," ಎಂದರು. "ಮೂಗು ಕಟ್ಟಿತ್ತು. ವಾಸನೆ ತಿಳೀಲಿಲ್ಲ. ನಾಲಿಗೆ ಜುಮ್ ಅಂತಿದೆ."

"ಆ ಪುಡಿಯಿಂದ ಇರ್ಬೇಕು," ಎಂದರು ತೊಕುನಾಗಾ. ಅವರ ದನಿ ಮೊದಲಿನಂತಿರಲಿಲ್ಲ.

ಪುಡಿಯಲ್ಲ. ನೋಡನೋಡುತ್ತಿದ್ದಂತೆ ಅತಿಥಿಯ ಕತ್ತಿನ ಮೇಲೆ ಕೆಂಪು ದದ್ದುಗಳೆದ್ದವು. ಕೆಳದುಟಿ ಊದಿ ಒಂದು ಕಡೆಗೆ ಜೋತಿತು. ಉಸಿರಿನ ಜೊತೆ ಸಣ್ಣ ಸಿಳ್ಳೆ ಕೇಳತೊಡಗಿತು. ಅವರು ಕೈಚೀಲದ ಕಡೆ ಕೈ ಚಾಚಿದರು, ಆದರೆ ಬೆರಳುಗಳಿಗೆ ಗುಂಡಿ ಸಿಗಲಿಲ್ಲ. ಒನೊದೆರಾ ಆಂಬುಲೆನ್ಸಿಗೆ ಫೋನು ಮಾಡುತ್ತ ಅಂಗಡಿಯ ವಿಳಾಸ ನೆನಪಾಗದೆ ತೊದಲುತ್ತಿದ್ದ. ತೊಕುನಾಗಾ ಕೂತಲ್ಲೇ ಕಲ್ಲಾಗಿದ್ದರು.

ಚಿಹಾಯಾಗೆ ಆ ಕ್ಷಣ ತನ್ನ ಕೈಗಳು ತನ್ನವಲ್ಲ ಎನ್ನಿಸಿತು. ಅವು ಮತ್ತೆ ಇಳಿಬೀಳುತ್ತವೆ, ಕಣ್ಣ ಮುಂದೆಯೇ ಈ ಮನುಷ್ಯ ಹೋಗುತ್ತಾನೆ ಎನ್ನಿಸಿತು. ಆ ಭಯದಲ್ಲೇ ಅವಳು ಚೀಲ ತೆರೆದಳು. ಚುಚ್ಚುಮದ್ದಿನ ಮುಚ್ಚಳ ಕಿತ್ತಳು. ಇವಾಕಾಮಿ ತಮ್ಮ ತೊಡೆಯ ಹೊರಬದಿಯನ್ನು ತಟ್ಟಿ ತೋರಿಸಿದರು. ಪ್ಯಾಂಟಿನ ಮೇಲಿಂದಲೇ ಒತ್ತಿ ಹಿಡಿದು, ಗಟ್ಟಿಯಾಗಿ ಐದರವರೆಗೆ ಎಣಿಸಿದಳು. ಆಮೇಲೆ ಅವರನ್ನು ಚಾಪೆಯ ಮೇಲೆ ಮಲಗಿಸಿ, ಕೂತಿದ್ದ ದಿಂಬುಗಳನ್ನು ಕಾಲ ಕೆಳಗೆ ಪೇರಿಸಿ, ಒನೊದೆರಾನ ಕೈಯಿಂದ ಫೋನು ಇಸಿದುಕೊಂಡು ವಿಳಾಸ ಹೇಳಿದಳು. ಎಷ್ಟೆಂದರೂ ಆ ಪ್ರದೇಶದ ಗಲ್ಲಿಗಳು ಅವಳಿಗೆ ಬಾಯಿಪಾಠ.

ಆಂಬುಲೆನ್ಸ್ ಬರಲು ಎಂಟು ನಿಮಿಷ ಹಿಡಿಯಿತು. ಊಟದ ಸಾಲುಗಳ ನಡುವೆ ಅದು ತಡೆ ತಡೆದು ಬರುವ ಸದ್ದು ಕಿಟಕಿಯಲ್ಲಿ ಕೇಳುತ್ತಿತ್ತು. ಅಷ್ಟು ಹೊತ್ತೂ ಅವಳು ಅವರ ಎದೆ ಏರುವುದನ್ನೂ ಇಳಿಯುವುದನ್ನೂ ಕಾಯುತ್ತ ಕೂತಳು. ಇಳಿದ ಎದೆ ಮತ್ತೆ ಏರುವವರೆಗೆ ಪ್ರತಿ ಸಲವೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮೂರೂವರೆಗೆ ವೈದ್ಯರು ಬಂದು, ಅಪಾಯ ದಾಟಿತು, ಆದರೂ ಇವತ್ತು ಇಲ್ಲೇ ಇರಲಿ ಎಂದರು. ಒಬ್ಬೊಬ್ಬರಾಗಿ ಒಳಗೆ ಹೋಗಬಹುದು ಎಂದೂ ಹೇಳಿದರು. ತೊಕುನಾಗಾ ಏಳಲಿಲ್ಲ. ಚಹಾದ ಕಲೆಯಾದ ಮೊಣಕಾಲನ್ನೇ ನೋಡುತ್ತಿದ್ದರು.

"ಆ ಚಹಾ ತರೋಕೆ ಹೇಳಿದ್ದು ನಾನೇ," ಎಂದರು ಕೊನೆಗೆ. "ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದ್ದೆ. ಒಸಾಕಾದವರ್ಯಾರೋ ಆ ಅಂಗಡಿ ಚಹಾ ಹೊಗಳಿದ್ರು. ಅತಿಥಿಗೆ ಕೊಡಿಸೋಣ ಅನ್ನಿಸ್ತು. ಯಾವುದ್ರಲ್ಲಿ ಮಾಡ್ತಾರೆ ಅಂತ ಕೇಳ್ಲಿಲ್ಲ. ಸತ್ಯ ಹೇಳ್ಬೇಕಂದ್ರೆ, ಸೋಬಾ ಆಗಲ್ಲ ಅನ್ನೋದೆಲ್ಲ ನಾಜೂಕಿನವರ ನಖರಾ ಅಂದ್ಕೊಂಡಿದ್ದೆ."

ಚಿಹಾಯಾ ಚಹಾ ಚೆಲ್ಲಿ ಸುಟ್ಟ ಕೈಗೆ ಕಟ್ಟಿದ ಬಟ್ಟೆಯನ್ನು ಸರಿಮಾಡಿಕೊಂಡಳು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಎರಡು ವರ್ಷದ ಹಿಂದೆ ಇಂಥದೇ ಬೆಂಚಿನ ಮೇಲೆ ಕೂತಿದ್ದ ತನ್ನ ಮುಖವೂ ಇವರ ಮುಖದ ಹಾಗೇ ಇದ್ದಿರಬೇಕು ಎನ್ನಿಸಿತು. ಅವಳು ಮಿಜುಶಿಮಾಳ ವಿಷಯ ತೆಗೆದು, ಮೊದಲಿಂದ ಕೊನೆಯವರೆಗೆ, ಹಂಡೆಯ ನೀರಿನದ್ದೂ ಸೇರಿ ಎಲ್ಲ ಹೇಳಿದಳು. ತಾನು ಚಹಾದ ಬಗ್ಗೆ ಕೇಳದೆ ಬಂದದ್ದನ್ನೂ ಮುಚ್ಚಿಡಲಿಲ್ಲ. ಕಚೇರಿಯಲ್ಲಿ ಯಾರೊಂದಿಗೂ ಅವಳು ಈ ಮಾತು ಆಡಿರಲಿಲ್ಲ.

ತೊಕುನಾಗಾ ಇವಾಕಾಮಿಯ ಕೋಣೆಯ ಬಾಗಿಲ ಕಡೆ ನೋಡಿದರು. "ಒಳಗೆ ಹೋಗೋಕೆ ಹೆದರಿಕೆ ಆಗ್ತಿದೆ ಕಣಮ್ಮ," ಎಂದರು.

"ಗೊತ್ತು ಸಾರ್. ಮಿಜುಶಿಮಾ ಇದ್ದ ಕೋಣೆಗೆ ನಾನು ಹೋಗಲೇ ಇಲ್ಲ. ನೀವು ಹೋಗಿ ಬನ್ನಿ. ಬಾಗಿಲ ಹತ್ತಿರ ನಾನಿರ್ತೀನಿ."

ಅವರು ಎದ್ದು ಕೋಟು ಸರಿಮಾಡಿಕೊಂಡು ಬಾಗಿಲು ತಟ್ಟಿದರು. ಒಳಗಿನಿಂದ ಇವಾಕಾಮಿಯ ಒಡಕು ದನಿ, ಬನ್ನಿ ಎಂದಿತು. ತೊಕುನಾಗಾ ಹೊಸ್ತಿಲ ಮೇಲೆಯೇ ಸೊಂಟದವರೆಗೆ ಬಾಗಿದರು. ಎಷ್ಟೋ ಹೊತ್ತು ಹಾಗೇ ಇದ್ದರು. ಆಮೇಲೆ ಬಾಗಿಲು ಮುಚ್ಚಿಕೊಂಡಿತು. ಚಿಹಾಯಾ ಗೋಡೆಗೆ ಒರಗಿ ನಿಂತಳು. ಬಾಗಿಲು ಮತ್ತೆ ತೆರೆಯುವವರೆಗೂ ಅಲ್ಲಿಂದ ಕದಲಲಿಲ್ಲ.