ಕಂಪ್ಯೂಟರಿನ ವಾಟ್ನಿ

ಎರಡು ಸಾವಿರದ ಒಂಬತ್ತರ ಶ್ರಾವಣ. ಮೂಡಲಗಿಯ ಬಾಹುಬಲಿ ಮಾಸ್ತರರ ಕಂಪ್ಯೂಟರು ಒಂದು ಬೆಳಿಗ್ಗೆ ಕಣ್ಣು ತೆರೆಯಲಿಲ್ಲ. ಹಿಂದಿನ ದಿನ ಅದು ತನಗೆ ಬೇಕಾದ್ದೇನನ್ನೋ ಇಳಿಸಿಕೊಳ್ಳುತ್ತಿದ್ದಾಗ ಕರೆಂಟು ಹೋಗಿತ್ತು. ಈಗ ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಅಕ್ಷರ, ಅಷ್ಟೇ.

ಯಂತ್ರ ಕೆಟ್ಟಿತೆಂದು ಮಾಸ್ತರರು ಮರುಗುವವರಲ್ಲ. ಆದರೆ ಅದರೊಳಗೆ ಅಕ್ಕ ಸುಂದರಾಬಾಯಿಯ ಕಥೆಗಳಿದ್ದವು. ನೋಂಪಿ ವ್ರತದ ದಿನಗಳಲ್ಲಿ ಬಸದಿಯಲ್ಲಿ ಕೂತು ಹೆಣ್ಣುಮಕ್ಕಳಿಗೆ ಅವಳು ಹೇಳುತ್ತಿದ್ದ ಮೂವತ್ತೇಳು ಕಥೆ. ನಿವೃತ್ತಿಯಾದ ಮೇಲೆ ಮಾಸ್ತರರು ಎರಡು ವರ್ಷ ಅವಳೆದುರು ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದುಕೊಂಡಿದ್ದರು. ಕಾಗದಕ್ಕೆ ಒಂದೂ ಇಳಿದಿರಲಿಲ್ಲ. ಈಗ ಅಕ್ಕನಿಗೆ ಮರೆವು. ಒಡಹುಟ್ಟಿದ ತಮ್ಮನನ್ನೇ ಒಮ್ಮೊಮ್ಮೆ, ನೀವು ಯಾರ ಪೈಕಿ, ಎಂದು ಕೇಳುತ್ತಾಳೆ.

ಹಳೆಯ ಶಿಷ್ಯ ಅಜಿತ ಗೋಕಾಕದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಅವನು, ಮಾಸ್ತರರ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್ ತಂತ್ರಾಂಶವನ್ನೇ ಒಂದು ಪೆನ್‌ಡ್ರೈವಿಗೆ ತುಂಬಿ ಬಸ್ಸಿನ ಕಂಡಕ್ಟರ್ ಖಂಡೆಪ್ಪನ ಕೈಯಲ್ಲಿ ಕಳಿಸಿದ. ಅದರಿಂದಲೇ ಯಂತ್ರ ಶುರುವಾಗುತ್ತದೆ, ಹೊಸದಾಗಿ ಹಾಕುವುದನ್ನು ಫೋನಿನಲ್ಲಿ ಹೇಳಿಕೊಡುತ್ತೇನೆ ಎಂದ.

ಮಧ್ಯಾಹ್ನ ಕರೆಂಟು ಬಂತು. ಮಾಸ್ತರರು ಕೈಕಾಲು ತೊಳೆದು, ಣಮೋಕಾರ ಮಂತ್ರ ಹೇಳಿಕೊಂಡು ಕೂತರು. ಫೋನಿನಲ್ಲಿ ಅಜಿತ ಹೇಳಿದಂತೆ ಒತ್ತುತ್ತ ಹೋದರು. ಯಂತ್ರ ಭಾಷೆ ಕೇಳಿತು, ಊರು ಕೇಳಿತು.

ಹಳ್ಳಿಯ ಹುಡುಗರಿಗೆ ತಿಳಿಯಲೆಂದು ಇಂಗ್ಲಿಷ್ ಮಾತನ್ನೆಲ್ಲ ಮನೆಮಾತಿಗೆ ತಿರುಗಿಸುವುದು ಅಜಿತನ ರೂಢಿ. ಡಿಸ್ಕನ್ನು ಭಾಗ ಮಾಡುವುದಕ್ಕೆ ಅವನ ಕ್ಲಾಸಿನಲ್ಲಿ ವಾಟ್ನಿ ಎಂದೇ ಹೆಸರು. ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಳ್ಳುತ್ತಾರಲ್ಲ, ಅದೇ ವಾಟ್ನಿ.

“ಮಾಸ್ತರ್ರ, ವಾಟ್ನಿ ಆಗೇತೇನ್ರಿ?” ಎಂದ ಅಜಿತ.

ಅವನ ಕ್ಲಾಸಿನ ಈ ಹೆಸರು ಮಾಸ್ತರರಿಗೆ ಗೊತ್ತಿರಲಿಲ್ಲ. ಊರು ಕೇಳಿದ ಯಂತ್ರ ಮನೆತನವನ್ನೂ ಕೇಳುತ್ತಿರಬಹುದು ಎಂದುಕೊಂಡರು.

“ಆಗಿ ಭಾಳ ವರ್ಷ ಆತಪಾ. ಎರಡು ಪಾಲು.”

“ಚೊಲೋ ಆತ್ ಬಿಡ್ರಿ.”

ಆ ಮಾತು ಮಾಸ್ತರರಿಗೆ ಚುಚ್ಚಿತು. ಅಜಿತ ಮುಂದುವರಿಸಿದ. ಕಥೆಗಳು ಎರಡನೇ ಪಾಲಿನಲ್ಲಿ ಕ್ಷೇಮವಾಗಿರುತ್ತವೆ, ಮೊದಲನೆಯದನ್ನು ಹಿಡಿದು ಪೂರಾ ಅಳಿಸಿಬಿಡಿ, ಎಂದ.

ಬಾಣದ ಗುರುತು ಅಳಿಸುವ ಗುಂಡಿಯ ಮೇಲೆ ನಿಂತಿತ್ತು. ಬೆರಳು ಇಳಿಯಲಿಲ್ಲ.

“ತಮ್ಮಾ, ಮೊದಲನೇ ಪಾಲು ನಮ್ಮ ಅಣ್ಣಂದು. ಹುಕ್ಕೇರ್ಯಾಗ ಅದಾನ. ಮಾತು ಬಿಟ್ಟಾನ, ಖರೆ. ಹಂಗಂತ ಅವನ ಪಾಲು ಅಳಿಸಾಕ ನಾ ಯಾರು?”

ಮಾಸ್ತರರು ಹೇಳಿದ್ದು ಮನೆಯ ವಾಟ್ನಿ, ಡಿಸ್ಕಿನದಲ್ಲ ಎಂದು ಅಜಿತನಿಗೆ ಆಗ ಹೊಳೆಯಿತು. ಮೆಲ್ಲಗೆ ಹೇಳಿದ: “ಎದಕ್ಕೂ ಕೈ ಹಚ್ಚಬ್ಯಾಡ್ರಿ. ಪರದೆ ಮ್ಯಾಲ ಏನೈತಿ, ಇದ್ದಂಗ ಓದ್ರಿ.”

ಮಾಸ್ತರರು ಓದಿದರು. ಪಾಲುಗಳ ಪಟ್ಟಿಯಲ್ಲಿದ್ದದ್ದು ಒಂದೇ ಸಾಲು. ಡಿಸ್ಕು ಒಡೆಯದ ಮನೆಯಂತೆ ಇಡಿಯಾಗಿತ್ತು. ಲಿನಕ್ಸೂ ಅಕ್ಕನ ಕಥೆಗಳೂ ಒಂದೇ ಸೂರಿನಡಿ ಇದ್ದವು. ಬೆರಳು ಇಳಿದಿದ್ದರೆ ಮೂವತ್ತೇಳೂ ಹೋಗುತ್ತಿದ್ದವು.

“ನಿಮ್ಮ ಅಣ್ಣಾರು ಉಳಿಸಿದ್ರ್ ನೋಡ್ರಿ,” ಎಂದ ಅಜಿತ.

ಮರುದಿನ ಮೊದಲ ಬಸ್ಸಿಗೆ ಅವನೇ ಬಂದ, ಖಾಲಿ ಪೆನ್‌ಡ್ರೈವೊಂದನ್ನು ತಂದಿದ್ದ. ಏನನ್ನೂ ಅಳಿಸದೆ, ಕಳಿಸಿದ್ದ ಪೆನ್‌ಡ್ರೈವಿನಿಂದಲೇ ಯಂತ್ರ ನಡೆಸಿ ಹಳೆಯ ಡಿಸ್ಕನ್ನು ತೆರೆದ. ಕಥೆಗಳೆಲ್ಲ ಇದ್ದಲ್ಲೇ ಇದ್ದವು. ತಾನು ತಂದ ಖಾಲಿ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಒಂದೊಂದನ್ನೂ ತೆರೆದು ನೋಡಿದ. ಆಮೇಲೆ ಡಿಸ್ಕನ್ನು ಎರಡು ಪಾಲು ಮಾಡೋಣ ಎಂದ: ಒಂದು ಲಿನಕ್ಸಿಗೆ, ಇನ್ನೊಂದು ಅಕ್ಕನಿಗೆ. ಮುಂದೆ ಲಿನಕ್ಸ್ ಕೆಟ್ಟು ಮತ್ತೆ ಹಾಕುವಾಗ ಅಕ್ಕನ ಪಾಲನ್ನು ಮುಟ್ಟಬೇಕಿಲ್ಲ. ವಾಟ್ನಿಯೆಂದರೆ ಮಾಸ್ತರರು ಅಲ್ಲಿಯವರೆಗೆ ಕಂಡದ್ದು ಅಂಗಳದ ನಡುವೆ ಎದ್ದ ಗೋಡೆಯನ್ನು ಮಾತ್ರ. ಕಾಯುವುದಕ್ಕೂ ವಾಟ್ನಿ ಮಾಡುವುದುಂಟೆಂದು ಅವರಿಗೆ ತಿಳಿದಿರಲಿಲ್ಲ. ಈ ಸಲ ಪಾಲು ಮಾಡುವ ಗುಂಡಿಯನ್ನು ತಾವೇ ಒತ್ತಿದರು.

ಸಂಜೆ ಹೊತ್ತು ಮುಳುಗುವ ಮೊದಲು ಅಕ್ಕನ ಊಟವಾಯಿತು. ಮಾಸ್ತರರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲ ಕಥೆ ಓದಿದರು. ಬಾವಿಗೆ ಹೋದ ಸೊಸೆ ಕೊಡದ ಬಾಯಿಗೆ ಅರಿವೆ ಕಟ್ಟಿ, ಸೋಸಿ, ನೀರಿನೊಳಗಿನ ಸಣ್ಣ ಜೀವಗಳನ್ನು ತಿರುಗಿ ಬಾವಿಗೇ ಬಿಟ್ಟು ಬರುವ ಕಥೆ. ಸೊಸೆ ಮನೆಯ ಹೊಸ್ತಿಲಿಗೆ ಬಂದಾಗ ಅಕ್ಕ ಕೈ ಎತ್ತಿದಳು.

“ಹಂಗಲ್ಲದು.”

“ಮತ್ತ ಹೆಂಗಕ್ಕಾ?”

ಅಕ್ಕ ಬಾಯಿ ತೆರೆದಳು. ಮುಂದಿನದು ನೆನಪಿಗೆ ಬರಲಿಲ್ಲ. ಅವಳು ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಮಾಸ್ತರರು ಹೊಸ್ತಿಲಿನ ಸಾಲಿನ ಕೆಳಗೆ ನಾಲ್ಕು ಸಾಲಿನ ಜಾಗ ಖಾಲಿ ಬಿಟ್ಟು, ಕಥೆಯನ್ನು ಅವಳ ಪಾಲಿನಲ್ಲಿ ಉಳಿಸಿದರು.