ಮುಖ ಬರಹದ ಕಡೆಗೆ

ಬೋರ್ಡು ಬರೆಯುವವರಲ್ಲಿ ಒಂದು ನೇಮವಿತ್ತು. ಬೋರ್ಡಿನ ಮೇಲೆ ಮನುಷ್ಯನ ಚಿತ್ರ ಬಿಡಿಸಿದರೆ ಅವನ ಮುಖ ಬರಹದ ಕಡೆಗೇ ಇರಬೇಕು. ಮುಖ ಹೊರಕ್ಕೆ ತಿರುಗಿದ್ದರೆ ನೋಡುವವನ ಕಣ್ಣೂ ಅದರ ಬೆನ್ನು ಹತ್ತಿ ಬೀದಿಗೆ ಹೋಗಿಬಿಡುತ್ತದೆ, ಬರಹವನ್ನು ಕೇಳುವವರೇ ಇರುವುದಿಲ್ಲ. ನಾಲ್ಕನೇ ತರಗತಿಗೆ ಶಾಲೆಗೆ ಕೈಮುಗಿದು ಕುಂಚ ಹಿಡಿದಿದ್ದ ಬೋರ್ಡಜ್ಜನಿಗೆ ಆ ನೇಮ ಉಸಿರಾಟದಷ್ಟೇ ಸಲೀಸಾಗಿತ್ತು.

ಊರಿನ ಅಂಗಡಿಗಳ ಬೋರ್ಡುಗಳನ್ನೂ ಕಾರ್ಖಾನೆಯ ಎಚ್ಚರಿಕೆಯ ಬೋರ್ಡುಗಳನ್ನೂ ಬರೆದವರು ಅವರೇ. ತಲೆ ಬೇಗನೆ ಬೆಳ್ಳಗಾಗಿದ್ದರಿಂದ ನಲವತ್ತೈದಕ್ಕೇ ಅಜ್ಜ ಅನ್ನಿಸಿಕೊಂಡಿದ್ದರು. ಕುಂಚದ ಕಾಲ ಹೋಗಿ ಅಂಟಿಸುವ ಹಾಳೆಗಳು ಬಂದಾಗ, ಇನ್ನು ಮನೆಗೆ ನಡಿ ಅನ್ನುತ್ತಾರೇನೋ ಎಂದು ಕಾದರು. ಅಷ್ಟರಲ್ಲಿ ಮೀಟಿಂಗುಗಳಲ್ಲಿ ಗೋಡೆಯ ಮೇಲೆ ಸ್ಲೈಡು ತೋರಿಸುವ ರೂಢಿ ಬಂತು, ಅವಕ್ಕೆ ಚಿತ್ರ ಕೂರಿಸುವವರು ಬೇಕಾದರು. ಆಫೀಸಿನ ಟೈಪಿಸ್ಟಮ್ಮ ಮೂರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಮೌಸು ಹಿಡಿಯುವುದನ್ನು ಕಲಿಸಿದರು. ಬರಹ ಓದಲು ಅಜ್ಜ ಈಗಲೂ ತಡವರಿಸುತ್ತಿದ್ದರು. ಆದರೆ ಫೋಟೋದ ಬೇಡದ ಅಂಚನ್ನು ಎಲ್ಲಿ ಕತ್ತರಿಸಬೇಕು, ಮಂಕಾದದ್ದಕ್ಕೆ ಎಷ್ಟು ಬೆಳಕು ಕೊಡಬೇಕು ಎಂಬುದು ಅವರ ಕಣ್ಣಿಗೆ ತಾನಾಗಿ ಕಾಣುತ್ತಿತ್ತು. ದೊಡ್ಡದು ಮಾಡುವಾಗ ಮೂಲೆ ಹಿಡಿದೇ ಎಳೆಯುತ್ತಿದ್ದರು. ಪಕ್ಕ ಹಿಡಿದು ಎಳೆದರೆ ಮ್ಯಾನೇಜರು ಕುಂಬಳಕಾಯಿ ಆಗಿಬಿಡುತ್ತಾರೆ ಎಂದು ಟೈಪಿಸ್ಟಮ್ಮನಿಗೇ ತಿರುಗಿ ಪಾಠ ಹೇಳಿದ್ದರು.

ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ತಿರುಗಿಸುವ ಗುಂಡಿ. ಚಿತ್ರದ ಮನುಷ್ಯ ಹೊರಕ್ಕೆ ನೋಡುತ್ತಿದ್ದರೆ ಒಂದೇ ಒತ್ತು, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿ ಮುಖ ಬರಹದ ಕಡೆಗೆ ಬಂದುಬಿಡುತ್ತಿತ್ತು. ಕುಂಚದಲ್ಲಾದರೆ ಇಡೀ ಆಳನ್ನು ಅಳಿಸಿ ಮತ್ತೆ ಬರೆಯಬೇಕಿತ್ತು. ಅದನ್ನು ಮೊದಲು ಕಂಡ ದಿನ ಅಜ್ಜ ಊಟಕ್ಕೆ ಕೂತಾಗ ತಮ್ಮಷ್ಟಕ್ಕೆ ತಾವೇ ನಕ್ಕಿದ್ದರು.

ಅದೇ ಕಾರ್ಖಾನೆಯ ತಗಡಿನ ಶೆಡ್ಡಿನಲ್ಲಿ ಅವರ ಬೀಗರಿದ್ದರು, ಮಗಳನ್ನು ಕೊಟ್ಟ ಮನೆಯ ಹಿರಿಯರು. ಇಪ್ಪತ್ತಾರು ವರ್ಷ ಒಂದೇ ಮಷೀನಿನ ಮುಂದೆ ನಿಂತು, ಎರಡು ಉರುಳೆಗಳ ನಡುವೆ ತಗಡು ತೂರಿಸಿ ಬಗ್ಗಿಸುವ ಕೆಲಸ. ಮಾತುಗಾರ. ನಮ್ಮ ಬೀಗರು ಬರೆದ ಬೋರ್ಡು ನೋಡಿ ಜನ ಅಂಗಡಿಯೊಳಕ್ಕೆ ಬರುತ್ತಾರೆ, ಸಾಮಾನು ನೋಡಿ ಆಚೆ ಹೋಗುತ್ತಾರೆ ಎಂದು ಮದುವೆಯ ದಿನವೇ ರೇಗಿಸಿದ್ದರು. ಅಜ್ಜ ಮಾತು ಕಡಿಮೆ, ನಗುತ್ತಿದ್ದರು ಅಷ್ಟೆ.

ಒಂದು ತಿಂಗಳ ಹಿಂದೆ ಬೀಗರ ಎಡಗೈ ಉರುಳೆಗಳ ನಡುವೆ ಸಿಕ್ಕಿಬಿತ್ತು. ಶೆಡ್ಡಿನ ಆ ತುದಿಯಲ್ಲಿದ್ದವನು ಕೂಗು ಕೇಳಿ ಓಡಿಹೋಗಿ ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ನಾಲ್ಕು ಬೆರಳು ಹೋಗಿದ್ದವು. ಆಸ್ಪತ್ರೆಯ ಮಂಚದ ಮೇಲೆ ಬೀಗರು ಹೇಳಿಕೆ ಬರೆಸಿದರು: ಮಷೀನು ನಿಲ್ಲಿಸುವ ಕೆಂಪು ಗುಂಡಿ ಎಡಗಡೆಯ ಕಂಬದ ಮೇಲಿತ್ತು, ಎಡಗೈ ಒಳಗೆ ಸಿಕ್ಕಿತ್ತು, ಬಲಗೈ ಚಾಚಿದರೂ ಎಟುಕಲಿಲ್ಲ.

ಈ ಮಾತನ್ನು ಯಾರೂ ಅಷ್ಟಾಗಿ ನಂಬಲಿಲ್ಲ. ಆ ಸಾಲಿನ ಉಳಿದ ಮಷೀನುಗಳಿಗೆಲ್ಲ ಗುಂಡಿ ಬಲಗಡೆ. ಬೀಗರದು ಹಳೆಯ ಮಷೀನು, ಅದನ್ನು ಆಗಲೇ ಬಿಚ್ಚಿ ರಿಪೇರಿಗೆ ಸಾಗಿಸಿಯಾಗಿತ್ತು. ಸ್ವಿಚ್ ಇಳಿಸಿದವನಿಗೆ ರಕ್ತ ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ಗುಂಡಿ ಕೈಯಳತೆಯಲ್ಲಿದ್ದೂ ಒತ್ತದೆ ಈಗ ಸುಳ್ಳು ಹೇಳುತ್ತಿದ್ದಾರೆ ಎಂದಾದರೆ ತಪ್ಪೆಲ್ಲ ಬೀಗರದೇ, ಕೆಲಸವೂ ಹೋದಂತೆ. ಅದನ್ನು ತೀರ್ಮಾನಿಸಲು ಮುಖ್ಯ ಕಚೇರಿಯವರು ವಿಚಾರಣೆಗೆ ದಿನ ಗೊತ್ತು ಮಾಡಿದರು.

ವಿಚಾರಣೆಯ ಸ್ಲೈಡುಗಳೂ ಅಜ್ಜನ ಮೇಜಿಗೇ ಬಂದವು. ಸೇಫ್ಟಿ ಸಾಹೇಬರು ಕೊಟ್ಟ ಫೋಟೋಗಳಲ್ಲಿ ಒಂದು ಹಿಂದಿನ ವರ್ಷದ್ದು. ಬೀಗರು ಅದೇ ಮಷೀನಿನ ಮುಂದೆ ನಿಂತಿದ್ದಾರೆ, ಹಿಂದಿನಿಂದ ತೆಗೆದದ್ದು, ಮುಖ ಮಾತ್ರ ಪಕ್ಕಕ್ಕೆ ಹೊರಳಿದೆ. ಕಂಪನಿಯ ಸ್ಲೈಡಿನ ಅಚ್ಚಿನಲ್ಲಿ ಚಿತ್ರದ ಜಾಗ ಎಡಕ್ಕೆ, ಬರಹ ಬಲಕ್ಕೆ. ಫೋಟೋದ ಬೀಗರು ಎಡ ಅಂಚಿನಾಚೆ ಎಲ್ಲೋ ನೋಡುತ್ತಿದ್ದರು. ಅಜ್ಜನ ಕೈ ತಿರುಗಿಸುವ ಗುಂಡಿಯನ್ನು ತಾನಾಗಿ ಒತ್ತಿತು. ಮುಖ ಬರಹದ ಕಡೆ ಬಂತು. ಕಂಬದ ಮೇಲಿದ್ದ ಮಷೀನಿನ ನಂಬರು ಮಾತ್ರ ಉಲ್ಟಾ ಕಂಡು ಅಸಹ್ಯ ಎನಿಸಿತು, ಅದರ ಮೇಲೆ ಒಂದು ನೀಲಿ ಪಟ್ಟಿ ಎಳೆದು ಮುಚ್ಚಿದರು. ಪಟ್ಟಿಯ ನೀಲಿ ಬರಹದ ನೀಲಿಗೆ ಹೊಂದಿತು. ಚೆಂದ ಕಂಡಿತು.

ಮಾರನೇ ದಿನ ಮಗಳ ಫೋನು. ಮಾವ ಗುಂಡಿ ಎಡಕ್ಕೆ ಅನ್ನುತ್ತಾರೆ, ಕಾರ್ಖಾನೆಯ ಕಡೆಯವರು ಬಲಕ್ಕೆ ಅನ್ನುತ್ತಾರೆ, ಮನೆಯಲ್ಲಿ ಅತ್ತೆಗೆ ನಿದ್ದೆಯಿಲ್ಲ, ನೀನು ಏನಾದರೂ ಕಂಡೆಯಾ ಎಂದು ಕೇಳಿದಳು. ಅಜ್ಜ ಆ ಶೆಡ್ಡಿಗೆ ಕಾಲಿಟ್ಟು ಹತ್ತು ವರ್ಷವಾಗಿತ್ತು, ಮಂಡಿನೋವು. ಆದರೆ ಅವರ ನೆನಪು ಎಲ್ಲರಿಗೂ ಗೊತ್ತಿದ್ದದ್ದು, ಮೂವತ್ತು ವರ್ಷದ ಹಿಂದಿನ ಬೋರ್ಡಿನ ಅಕ್ಷರದ ಬಣ್ಣವನ್ನೂ ಹೇಳಬಲ್ಲರು. ಕಣ್ಣು ಮುಚ್ಚಿ ಸ್ಲೈಡನ್ನು ನೆನೆದರು. ಕೆಂಪು ಗುಂಡಿ ಬಲಗಡೆ ಸ್ಪಷ್ಟವಾಗಿ ಕಂಡಿತು.

"ಬಲಕ್ಕೇ ಇದೆಯಮ್ಮಾ. ನಾನೇ ಕಣ್ಣಾರೆ ನೋಡಿದೀನಿ," ಎಂದರು.

ಮಗಳು ಫೋನಿಟ್ಟಳು. ಬೀಗರು ಯಾಕೆ ಹೀಗೆ ಸುಳ್ಳು ಹೇಳಿದರೋ ಎಂದು ಅಜ್ಜನಿಗೂ ಎರಡು ದಿನ ಊಟ ರುಚಿಸಲಿಲ್ಲ.

ವಿಚಾರಣೆಯ ಬೆಳಿಗ್ಗೆ ಉದ್ದ ಮೇಜಿನ ಕೋಣೆಯಲ್ಲಿ ಪರದೆಗಳನ್ನು ಎಳೆದಿದ್ದರು. ಮುಖ್ಯ ಕಚೇರಿಯಿಂದ ಬಂದ ಮೇಡಂ ನಡುವೆ, ಒಂದು ಪಕ್ಕ ಸೇಫ್ಟಿ ಸಾಹೇಬರು, ಇನ್ನೊಂದು ಪಕ್ಕ ಮ್ಯಾನೇಜರು. ಎದುರಿನ ಕುರ್ಚಿಯಲ್ಲಿ ಬೀಗರು, ಬಟ್ಟೆ ಸುತ್ತಿದ ಕೈಯನ್ನು ಮಗುವನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಅಜ್ಜ, ಒಂದೊಂದಾಗಿ ಸ್ಲೈಡು ದಾಟಿಸುವುದು ಅವರ ಕೆಲಸ.

ನಾಲ್ಕನೆಯದು ಗೋಡೆ ತುಂಬ ಬಿತ್ತು. ಸೇಫ್ಟಿ ಸಾಹೇಬರು ಎದ್ದು ಹೋಗಿ ಕೆಂಪು ಗುಂಡಿಯ ಮೇಲೆ ಬೆರಳಿಟ್ಟರು. "ಎಟುಕಲಿಲ್ಲ ಅಂತ ಬರೆಸಿದ್ದೀರಿ. ಬಲಗೈ ಖಾಲಿ ಇತ್ತು. ಗುಂಡಿ ಇಲ್ಲಿದೆ, ಬಲಕ್ಕೆ. ಒಂದು ಗೇಣು ದೂರ ಇಲ್ಲ."

ಬೀಗರು ಗೋಡೆ ನೋಡಿದರು. ತಮ್ಮ ಬೆನ್ನನ್ನೇ ನೋಡಿದರು, ಆ ಬೆನ್ನಿನ ಬಲಕ್ಕೆ ಗುಂಡಿ. ಗೋಡೆ ಒಮ್ಮೆ, ತಮ್ಮ ಕೈ ಒಮ್ಮೆ ನೋಡುತ್ತ ಕೂತರು.

"ಎಡಕ್ಕೆ ಅಂದುಕೊಂಡಿದ್ದೆ," ಎಂದರು ಕೊನೆಗೆ, ಯಾರಿಗೂ ಅಲ್ಲದ ದನಿಯಲ್ಲಿ. "ಇಲ್ಲಿ ಬಲಕ್ಕಿದೆ. ಇಪ್ಪತ್ತಾರು ವರ್ಷ ನಿಂತ ಜಾಗ. ನಂಗೇ ತಲೆ ಕೆಟ್ಟಿರಬೇಕು."

ಸಾಹೇಬರು, ಗುಂಡಿ ಬಲಕ್ಕಿತ್ತು, ತಪ್ಪು ನನ್ನದೇ ಎಂದು ಬರೆದಿದ್ದ ಕಾಗದ ಮುಂದೆ ಸರಿಸಿದರು, ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಬೀಗರು ಪೆನ್ನು ತೆಗೆದುಕೊಂಡರು. ಮಾತಿಗೆ ಮಾತು ಜೋಡಿಸುತ್ತಿದ್ದ ಆ ಮನುಷ್ಯ ಒಂದೂ ಎದುರುಮಾತಿಲ್ಲದೆ ತೆಗೆದುಕೊಂಡದ್ದನ್ನು ಅಜ್ಜ ಮೂಲೆಯಿಂದ ನೋಡಿದರು.

ಮೇಡಂ ತಡೆದರು. ಸಹಿ ಆಮೇಲೆ ಮಾಡಿ, ಆ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಒಮ್ಮೆ ತೋರಿಸಿ ಅಂದರು. ಬೀಗರು ಪೆನ್ನಿಟ್ಟು ಎದ್ದು ನಿಂತು ಕಣ್ಣು ಮುಚ್ಚಿದರು. ಬಟ್ಟೆ ಸುತ್ತಿದ ಕೈ ಮುಂದೆ ಹೋಗಿ ಗಾಳಿಯಲ್ಲಿ ನಿಂತಿತು. ಬಲಗೈ ಎದೆಯನ್ನು ಅಡ್ಡ ಹಾಯ್ದು ಎಡಕ್ಕೆ ಚಾಚಿತು. ಭುಜ ಕಿತ್ತುಬರುವ ಹಾಗೆ ಚಾಚಿತು. ಬೆರಳುಗಳು ಗಾಳಿಯಲ್ಲಿ ತಡಕಾಡಿದವು, ಏನೂ ಸಿಗಲಿಲ್ಲ.

ಆ ಬೆರಳುಗಳನ್ನು ಅಜ್ಜ ನೋಡಿದರು. ಬಾಯಿ ಬಲಕ್ಕೆ ಎಂದು ಒಪ್ಪಿಕೊಂಡಿದೆ, ಕೈ ಎಡಕ್ಕೆ ಹೋಗುತ್ತಿದೆ. ಕೈ ಯಾಕೆ ಎಡಕ್ಕೆ ಹೋಯಿತು? ಅವರ ಕಣ್ಣು ಗೋಡೆಗೆ ಮರಳಿ ನೀಲಿ ಪಟ್ಟಿಯ ಮೇಲೆ ನಿಂತಿತು. ಈ ಪಟ್ಟಿಯನ್ನು ನಾನೇ ಹಾಕಿದ್ದು. ಯಾಕೆ ಹಾಕಿದೆ? ನಂಬರು ಉಲ್ಟಾ ಇತ್ತು. ನಂಬರು ಯಾಕೆ ಉಲ್ಟಾ ಇತ್ತು?

ಮೌಸಿನ ಮೇಲಿದ್ದ ಕೈ ತಮ್ಮದಲ್ಲ, ಯಾರದೋ ಕೈಯನ್ನು ತಂದಿಟ್ಟಿದ್ದಾರೆ ಅನ್ನಿಸಿತು. ಬೀಗರು ಮತ್ತೆ ಕೂತು ಪೆನ್ನು ಎತ್ತಿಕೊಂಡಿದ್ದರು.

"ಚಿತ್ರ ತಿರುಗುಮುರುಗಾಗಿದೆ, ಮೇಡಂ," ಎಂದರು ಅಜ್ಜ. "ತಿರುಗಿಸಿದ್ದು ನಾನು."

ಎಲ್ಲರ ತಲೆಯೂ ಮೂಲೆಗೆ ಹೊರಳಿತು. ಮೂಲೆಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂಬುದು ಅವರಿಗೆ ಆಗಲೇ ತಿಳಿದ ಹಾಗಿತ್ತು. ಸೇಫ್ಟಿ ಸಾಹೇಬರು ಮೊದಲು ಸಾವರಿಸಿಕೊಂಡರು. "ಇವರು ಅವರ ಬೀಗರು, ಮೇಡಂ. ಮಗಳನ್ನ ಆ ಮನೆಗೇ ಕೊಟ್ಟಿರೋದು."

ಅಜ್ಜನಿಗೆ ವಾದ ಮಾಡಿ ಗೊತ್ತಿರಲಿಲ್ಲ. ಎದುರು ಮಾತಾಡುವ ಬದಲು ನೀಲಿ ಪಟ್ಟಿಯ ಮೇಲೆ ಒತ್ತಿ ಅದನ್ನು ಅಳಿಸಿದರು. ಕೆಳಗಿದ್ದ ನಂಬರು ಗೋಡೆಯ ಮೇಲೆ ಅಂಗೈಯಗಲ ಕಂಡಿತು, ಅಂಗಡಿಯ ಗಾಜಿನ ಮೇಲಿನ ಬರಹವನ್ನು ಒಳಗೆ ನಿಂತು ಓದಿದ ಹಾಗೆ, ಹಿಂದುಮುಂದಾಗಿ. ಆಮೇಲೆ ತಿರುಗಿಸುವ ಗುಂಡಿ ಒತ್ತಿದರು. ಮಷೀನು, ಕಿಟಕಿ, ಬೀಗರ ಬೆನ್ನು ಎಲ್ಲವೂ ಒಮ್ಮೆಲೇ ಮಗ್ಗುಲು ಬದಲಿಸಿದವು. ನಂಬರು ನೆಟ್ಟಗಾಯಿತು. ಕೆಂಪು ಗುಂಡಿ ಬಲಗಡೆಯಿಂದ ಎಡಗಡೆಗೆ ಹಾರಿ ಕೂತಿತು.

ಬೀಗರ ಗಂಟಲಿನಿಂದ ಸಣ್ಣ ಶಬ್ದವೊಂದು ಬಂತು, ಕನಸಿನಲ್ಲಿ ಕೂಗಿದವರದು ಬರುತ್ತದಲ್ಲ, ಅಂಥದು. ಪೆನ್ನು ಉರುಳಿ ಮೇಜಿನಿಂದ ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಮೇಡಂ ಮೂಲ ಫೋಟೋ ತೆಗೆಸಿದರು. ಅದರಲ್ಲೂ ನಂಬರು ನೆಟ್ಟಗಿತ್ತು, ಗುಂಡಿ ಎಡಕ್ಕಿತ್ತು. ಸೇಫ್ಟಿ ಸಾಹೇಬರು ಗೋಡೆಯ ಹತ್ತಿರ ಹೋಗಿ ಮುಟ್ಟಿ ನೋಡಿ ಬಂದು ಕೂತರು. ಯಾಕೆ ತಿರುಗಿಸಿದಿರಿ ಎಂದು ಮೇಡಂ ಕೇಳಿದರು. ದನಿ ಏರಿಸಲಿಲ್ಲ.

"ಮುಖ ಬರಹದ ಕಡೆ ಇರಬೇಕಲ್ಲ, ಅದಕ್ಕೆ."

ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ಅಜ್ಜನ ಕಿವಿಗೇ ಕೇಳಿಸಿತು. ಮೇಡಂ ಅವರನ್ನೇ ನೋಡುತ್ತಿದ್ದರು. "ಚೆಂದ ಕಾಣಲಿ ಅಂತ," ಎಂದರು ನಿಧಾನವಾಗಿ. "ಅದರ ಮೇಲೆ ಇವರ ಕೈಯಲ್ಲಿ ಸಹಿ ಹಾಕಿಸ್ತಿದ್ದೆ ನಾನು." ಆಮೇಲೆ, ಬೇರೆ ಎಷ್ಟು ಚಿತ್ರ ತಿರುಗಿಸಿದ್ದೀರಿ ಎಂದು ಕೇಳಿದರು.

ಅಜ್ಜನ ನೆನಪು ಕೈಕೊಡುವಂಥದಲ್ಲ. ಈಗ ಅದೇ ಶಿಕ್ಷೆಯಾಯಿತು. ಒಂದೊಂದಾಗಿ ಹೇಳುತ್ತ ಹೋದರು. ನೀರಿನ ಪೈಪು ಹಿಡಿದವನು. ಗೋದಾಮಿನ ಮೆಟ್ಟಿಲು ಇಳಿಯುವ ಹೆಂಗಸು. ಆಸಿಡ್ ಶೆಡ್ಡಿನಿಂದ ಹೊರಗೆ ಓಡುವವನು, ಅವನ ಮುಖವೂ ಹೊರಕ್ಕಿತ್ತು. ಅಲ್ಲಿಗೆ ಬಂದಾಗ ಅಜ್ಜ ಎಣಿಸುವುದನ್ನು ನಿಲ್ಲಿಸಿದರು. ಆ ಶೆಡ್ಡಿನ ಬಾಗಿಲು ಎಡಕ್ಕೆ. ಸ್ಲೈಡಿನಲ್ಲಿ ಬಲಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಆರು ವರ್ಷದಿಂದ ಅದನ್ನೇ ತೋರಿಸುತ್ತ ಬಂದಿದ್ದರು, ಬೆಂಕಿ ಬಿದ್ದರೆ ಇತ್ತ ಓಡಿ ಎಂದು.

ಮ್ಯಾನೇಜರು ಕುರ್ಚಿ ಹಿಂದಕ್ಕೆ ತಳ್ಳಿ, ಫೋನು ಕಿವಿಗಿಟ್ಟುಕೊಂಡೇ ಹೊರಗೆ ಓಡಿದರು.

ಮೇಡಂ ಬೀಗರ ಮುಂದಿದ್ದ ಕಾಗದವನ್ನು ಎಳೆದುಕೊಂಡು ಉದ್ದಕ್ಕೂ ಗೀಟು ಹಾಕಿದರು. ಬೇರೆ ಹಾಳೆಯಲ್ಲಿ ಬರೆದು ಎಲ್ಲರಿಗೂ ಕೇಳುವಂತೆ ಓದಿದರು: ಗುಂಡಿ ಎಡಕ್ಕಿತ್ತು, ಖಾಲಿ ಕೈಗೆ ಎಟುಕುವಂತಿರಲಿಲ್ಲ, ಕೆಲಸಗಾರನ ಹೇಳಿಕೆ ನಿಜ, ಅವರ ಕೆಲಸ ಹಾಗೇ ಇರತಕ್ಕದ್ದು. ಅಜ್ಜನಿಗೆ, ನಾಳೆಯಿಂದ ಮೂಲ ಫೋಟೋಗಳನ್ನೆಲ್ಲ ಇಟ್ಟುಕೊಂಡು ನನ್ನೆದುರೇ ಕೂತು ಸರಿಮಾಡಿ, ಆಮೇಲಿನದು ಆಮೇಲೆ ಎಂದರು.

ಹೊರಗೆ ಓಣಿಯ ಬೆಂಚಿನ ಮೇಲೆ ಬೀಗರು ಕೂತಿದ್ದರು. ಅಜ್ಜ ಪಕ್ಕದಲ್ಲಿ ಕೂರಲು ಧೈರ್ಯ ಸಾಲದೆ ಗೋಡೆಗೊರಗಿ ನಿಂತರು.

"ಮನೇಲಿ ಬಲಕ್ಕಿದೆ ಅಂತ ಹೇಳಿದ್ದು ನೀವಂತೆ," ಎಂದರು ಬೀಗರು.

ಅಜ್ಜ ಹೌದೆಂದರು.

"ನಮ್ಮವಳು ಆವತ್ತಿಂದ ಮಾತಾಡ್ತಿಲ್ಲ. ಬೀಗರು ಸುಳ್ಳು ಹೇಳೋರಲ್ಲ, ನೀವೇ ಹೇಳಿರಬೇಕು ಅಂತ ನಂಗೇ ಅಂದಳು." ಬಟ್ಟೆಯ ತುದಿಯನ್ನು ಬಲಗೈಯಿಂದ ಒಳಕ್ಕೆ ಸೇರಿಸಿದರು. "ಅವಳು ನಂಬಲಿಲ್ಲ, ಹೋಗಲಿ. ಗೋಡೆ ಮೇಲೆ ಕಂಡ ಕೂಡಲೇ ನನ್ನ ಕೈಯನ್ನ ನಾನೇ ನಂಬಲಿಲ್ಲವಲ್ಲ, ಬೀಗರೇ."

ಅಜ್ಜ ಮನೆತನಕ ಜೊತೆಗೆ ಬರುತ್ತೇನೆ ಎಂದಷ್ಟೇ ಅಂದರು. ಬೀಗರು ಬೇಡ ಅನ್ನಲಿಲ್ಲ.

ಬೀಗರ ಮನೆಯ ಬಾಗಿಲು ತೆಗೆದವಳು ಮಗಳು. ಅಪ್ಪನನ್ನೂ ಮಾವನನ್ನೂ ಒಟ್ಟಿಗೆ ಕಂಡು ಗಾಬರಿಯಾಗಿ ಇಬ್ಬರ ಮುಖವನ್ನೂ ಹುಡುಕಿದಳು. ಅಜ್ಜ ಚಪ್ಪಲಿ ಕೂಡ ಬಿಡಲಿಲ್ಲ.

"ಗುಂಡಿ ಎಡಕ್ಕಿತ್ತಮ್ಮಾ. ನಿಮ್ಮ ಮಾವ ಹೇಳಿದ್ದೇ ನಿಜ. ನಾನು ಹೇಳಿದ್ದು ಸುಳ್ಳು."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಮಗಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಹಿಂದೆ ಬೀಗಿತಿ ಬಂದು ನಿಂತರು, ಒದ್ದೆ ಕೈ ಒರೆಸಿಕೊಳ್ಳದೆ. ಗಂಡನ ಕಡೆ ನೋಡಲಾಗದೆ ಅಜ್ಜನನ್ನೇ ದಿಟ್ಟಿಸಿದರು.

"ಇನ್ನೊಂದು ಸಲ ಹೇಳಿ," ಎಂದರು.

ಅಜ್ಜ ಇನ್ನೊಂದು ಸಲ ಹೇಳಿದರು.