ಅಂಚು ಕಡಕ್ ಇರ್ಲಿ

ನಾನು ಒಂದು ಹಂಚು. ಮೈಸೂರು ಕಡೆಯವರು ಕಾವಲಿ ಅನ್ನುತ್ತಾರೆ, ಅನ್ನಲಿ. ಆದರೆ ರೊಟ್ಟಿ ಬೇಯಿಸುವ ಸಾದಾ ಹಂಚು ಎಂದು ಮಾತ್ರ ತಿಳಿಯಬೇಡಿ. ನನ್ನ ಮೇಲೆ ಬೇಯುತ್ತಿದ್ದದ್ದು ಬರ್ಗರ್. ಧಾರವಾಡದ ಸಪ್ತಾಪುರದಲ್ಲಿ ಒಳ್ಳೆಯ ಬರ್ಗರ್ ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿದರೆ, ಒಂದು ಕಾಲಕ್ಕೆ ನನ್ನತ್ತಲೇ ಬೆರಳು ತೋರಿಸುತ್ತಿದ್ದರು. ಈಗ ಒಂದು ಮನೆಯ ಹಿತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದೇನೆ. ಜಂಬ ಕೊಚ್ಚಿಕೊಳ್ಳುವುದೊಂದೇ ನನಗೆ ಉಳಿದಿರುವ ಕೆಲಸ, ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಅಲ್ಲಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಉಳಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ನನ್ನನ್ನು ಮಾಡಿಸಿಕೊಂಡವನು ದಾವಲಸಾಬ. ಚೌಕಾಕಾರ, ಬೆರಳು ದಪ್ಪ, ಸುತ್ತ ಸಣ್ಣದೊಂದು ದಂಡೆ. ಬಸ್ಸಿನ ಸೀಟಿನ ಕೆಳಗೆ ತಳ್ಳಿ ನನ್ನನ್ನು ಧಾರವಾಡಕ್ಕೆ ತಂದ. ಆಗ ನನ್ನ ಮೈ ಬೂದು ಬಣ್ಣದ್ದು, ತರಿತರಿ. ಏನು ಹಾಕಿದರೂ ಕಚ್ಚಿಕೊಂಡುಬಿಡುತ್ತಿತ್ತು.

ದಾವಲಸಾಬ ಅವಸರ ಮಾಡಲಿಲ್ಲ. ಎಣ್ಣೆ ಸವರುವುದು, ಹೊಗೆಯಾಡುವವರೆಗೆ ಕಾಯಿಸುವುದು, ಆರಲು ಬಿಡುವುದು, ಮತ್ತೆ ಸವರುವುದು. ಅರ್ಧ ಹೋಳು ಉಳ್ಳಾಗಡ್ಡಿಯಿಂದ ನನ್ನ ಮೈಯೆಲ್ಲ ಉಜ್ಜುತ್ತಿದ್ದ. "ಇದಕ್ಕ ಸಾಬೂನು ತೋರಿಸಬ್ಯಾಡ. ಒರಸೋದಷ್ಟ," ಎಂದು ಹೆಂಡತಿ ಮಾಬೂಬಿಗೆ ಮೊದಲ ದಿನವೇ ಹೇಳಿದ್ದ. ಹಾಗೆ ಪದರದ ಮೇಲೆ ಪದರ ಕೂತು, ವರ್ಷಗಳು ಕಳೆದಂತೆ ನಾನು ಕಪ್ಪಗೆ ಮಿರಮಿರ ಮಿಂಚತೊಡಗಿದೆ. ಆ ಕಪ್ಪು ಕೊಳೆಯಲ್ಲ, ನನ್ನ ಚರ್ಮ. ಅದು ಬಂದ ಮೇಲೆ ನನ್ನ ಮೇಲೆ ಯಾವುದೂ ಅಂಟಲಿಲ್ಲ.

ಅವನ ಗಾಡಿಯಲ್ಲಿ ಎರಡು ಬಗೆ ಇದ್ದವು, ಬಟಾಟಿಯದು ಮತ್ತು ಖೀಮಾದ್ದು. ಖೀಮಾಕ್ಕೆ ಉಪ್ಪು ಬಿಟ್ಟು ಬೇರೇನೂ ಇಲ್ಲ. ಕೊಬ್ಬು ಸೇರಿಸಿ ಕೊಚ್ಚಿಸಿದ ಮಾಂಸವನ್ನು ಹೆಚ್ಚು ನಾದದೆ ಉಂಡೆ ಮಾಡಿ, ನಾನು ಚೆನ್ನಾಗಿ ಕಾದಾಗ ಧಪ್ಪೆಂದು ಒಗೆದು, ಭಾರದ ಕಬ್ಬಿಣದ ತುಂಡಿನಿಂದ ಒಮ್ಮೆ ಒತ್ತುತ್ತಿದ್ದ. ಒಂದೇ ಸಲ. ಅಂಚು ತೆಳ್ಳಗೆ ಹರಡಿ, ಕಂದಾಗಿ, ಗರಿಗರಿಯಾಗುತ್ತಿತ್ತು. ಅದೇ ಕೊಬ್ಬಿನಲ್ಲಿ ಬನ್ನಿನ ಮುಖ ಸುಟ್ಟು, ಹಸಿಮೆಣಸಿನಕಾಯಿ ಚಟ್ನಿ ಬಳಿದು ಕೈಗೆ ಕೊಟ್ಟರೆ, ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ನಿಂತಲ್ಲೇ ಕಣ್ಣು ಮುಚ್ಚಿ ತಿನ್ನುತ್ತಿದ್ದರು.

ಇವರ ನಡುವೆ ಒಂದು ಗಂಟಲು ನನಗೆ ಚಿರಪರಿಚಿತ. ಬಸ್ ಕಂಡಕ್ಟರ್ ಮಡಿವಾಳಪ್ಪನದು. ಡ್ಯೂಟಿ ಮುಗಿಸಿ, ಚರ್ಮದ ಚೀಲ ಹೆಗಲಲ್ಲಿರುವಂತೆಯೇ ಬರುತ್ತಿದ್ದ. ರಸ್ತೆಯ ಆಚೆಯಿಂದಲೇ ಕೂಗುತ್ತಿದ್ದ: "ಸಾಬಣ್ಣಾ, ಅಂಚು ಕಡಕ್ ಇರ್ಲಿ!" ಬಸ್ಸಿಗೆ ರೈಟ್ ಹೇಳುವ ಗಂಟಲು ಅದು, ನನ್ನ ದಂಡೆ ಕೂಡ ಝಣ್ಣೆನ್ನುತ್ತಿತ್ತು. ತಿಂದ ಮೇಲೆ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಮನೆಗೆ ಹೋಗುತ್ತಿದ್ದ. ವಿಭೂತಿ ಹಚ್ಚುವ ಮನೆ ಅವನದು. ಅವ್ವನ ಮುಂದೆ ಬಟಾಟಿ ಬರ್ಗರ್ ತಿಂದೆ ಎಂದು ಹೇಳುತ್ತಿದ್ದನಂತೆ.

ಸುಖ ಎಷ್ಟು ದಿನ? ರಸ್ತೆ ಅಗಲ ಮಾಡಲು ಬಂದವರು ಗಾಡಿ ಎತ್ತಿಸಿದರು. ಬೇರೆ ಜಾಗ ಹುಡುಕುವಷ್ಟರಲ್ಲಿ ದಾವಲಸಾಬನಿಗೆ ಲಕ್ವಾ ಹೊಡೆದು ಬಲಗೈ ಜೋತುಬಿತ್ತು. ನಾನು ಅವನ ಮಂಚದ ಕೆಳಗೆ ಸೇರಿದೆ. ಮಾಬೂಬಿ ಆಗೀಗ ಎಳೆದು ಎಣ್ಣೆ ಸವರಿ ಮತ್ತೆ ತಳ್ಳುತ್ತಿದ್ದಳು. ಅಲ್ಲೇ ನನ್ನ ಕಥೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಮಡಿವಾಳಪ್ಪನ ಹೆಂಡತಿ ನೀಲಾ.

"ಅಣ್ಣಾರ, ಅವರಿಗೆ ಗಂಟಲದಾಗ ಕ್ಯಾನ್ಸರ್," ಎಂದಳು. "ಸೋಮವಾರ ಮೂಗಿನಿಂದ ನಳಿಗಿ ಹಾಕ್ತಾರ. ಆಮ್ಯಾಲೆ ಬಾಯಿಂದ ಏನೂ ಕೊಡೂಹಂಗಿಲ್ಲಂತ. ಏನು ತಿನ್ನಬೇಕು ಅನಸ್ತದ್ರಿ ಅಂತ ಕೇಳಿದ್ರ ನಿಮ್ಮ ಬರ್ಗರ್ ಅಂತ ಬರದು ತೋರಿಸಿದ್ರು."

ನಿಮ್ಮ ಗಾಡಿ ಇಲ್ಲವೆಂದು ಊರೆಲ್ಲ ತಿರುಗಿದೆ ಎಂದಳು. ಕಾಲೇಜಿನ ಎದುರಿನ ಹೊಸ ಅಂಗಡಿ, ಹುಬ್ಬಳ್ಳಿಯ ಮಾಲ್, ದೊಡ್ಡ ಹೋಟೆಲು, ಎಲ್ಲಿ ಚಲೋ ಸಿಗುತ್ತದೆ ಎಂದು ಯಾರು ಹೇಳಿದರೂ ಅಲ್ಲಿಂದ ಕಟ್ಟಿಸಿಕೊಂಡು ಬಂದಿದ್ದಳು. ಅವನು ಪ್ರತಿಸಲವೂ ಒಂದು ಚೂರು ಅಂಚು ಮುರಿದು ನಾಲಿಗೆ ಮೇಲಿಟ್ಟುಕೊಂಡು, ತಲೆ ಅಲ್ಲಾಡಿಸಿ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದನಂತೆ.

"ಬಟಾಟಿ ಕುದಿಸಿ ನಾನೂ ಮಾಡಿದೆ. ಅದನ್ನೂ ಸರಿಸಿದ್ರು."

ದಾವಲಸಾಬ ಎಡಗೈ ಊರಿ ಮಂಚದ ಮೇಲೆ ಎದ್ದು ಕೂತ. "ತಂಗೀ, ಅವ ತಿಂತಿದ್ದದ್ದು ಬಟಾಟಿದಲ್ಲವ್ವಾ."

ನೀಲಾಳ ಮುಖ ಕೆಂಪಾಯಿತು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಆಮೇಲೆ, "ಹಂಗಾರ ಅದನ್ನ ಮಾಡೂದು ನನಗ ಕಲಿಸ್ರಿ," ಅಂದಳು.

ಮಾಬೂಬಿ ಖೀಮಾ ತಂದಳು. ಮಾಂಸ ಮುಟ್ಟಿ ಗೊತ್ತಿಲ್ಲದ ನೀಲಾ ಉಂಡೆ ಕಟ್ಟತೊಡಗಿದಳು. ದಾವಲಸಾಬ ಮಂಚದ ಮೇಲಿನಿಂದಲೇ ಗದರುತ್ತಿದ್ದ: "ನಾದಬ್ಯಾಡ! ಕಾಯಲಿ, ಇನ್ನೂ ಕಾಯಲಿ... ಈಗ ಒಗಿ. ಒತ್ತು! ಒಂದ ಸಲ!" ನಾನು ನನ್ನ ಕೈಲಾದದ್ದೆಲ್ಲ ಮಾಡಿದೆ. ಅಂಚು ಕಡಕ್ ಬಂತು. ದಾವಲಸಾಬ ಮುರಿದು ತಿಂದು, ಎಡಗೈಯಿಂದ ಕಣ್ಣೊರೆಸಿಕೊಂಡ.

"ಇದನ್ನ ಕಟಗೊಂಡು ಹೋಗಬ್ಯಾಡ, ಆರಿದ್ರ ಮೆತ್ತಗಾಕ್ಕೈತಿ. ಹಂಚ ತಗೊಂಡು ಹೋಗು. ನಾಳೆ ಅವನ ಕಣ್ಣ ಮುಂದ ಮಾಡಿ ಬಿಸಿಬಿಸಿ ಕೊಡು. ತೊಳೀಬ್ಯಾಡ, ನೆನಪಿರ್ಲಿ."

ನೀಲಾಳಿಗೆ ನೆನಪಿತ್ತು. ತಪ್ಪು ಅವಳದಲ್ಲ.

ಮನೆಯಲ್ಲಿ ಅತ್ತೆ ಗುರಸಿದ್ದವ್ವನಿಗೆ ಅವಳು ಖೀಮಾದ ವಿಷಯ ಮುಚ್ಚಿಡಲಿಲ್ಲ. ಮಾಂಸ ಬೆಂದ ಹಂಚನ್ನು ಅತ್ತೆ ಮುಟ್ಟಿಯಾಳೆಂದು ಎಣಿಸದೆ, ತೊಳೆಯಬೇಡಿ ಎಂಬುದೊಂದನ್ನು ಹೇಳಿರಲಿಲ್ಲ. ಮುದುಕಿ ಬಾಗಿಲ ಚೌಕಟ್ಟು ಹಿಡಿದು ಕೇಳಿದಳು. ನನಗೆ ಬೈಗುಳ ಕಾದಿದೆ ಎಂದುಕೊಂಡೆ.

"ಒಳಗಿನ ಒಲಿ ಮ್ಯಾಲೆ ಬ್ಯಾಡವ್ವಾ," ಎಂದಳು. "ಹಿತ್ತಲದಾಗ ಕಲ್ಲ ಹೂಡಿ ಮಾಡು. ನನ್ನ ಕೂಸು ಉಣ್ಲಿ."

ಭಾನುವಾರ ಬೆಳಿಗ್ಗೆ ನೀಲಾ ಬನ್ನು, ಖೀಮಾ ತರಲು ಹೋದಳು. ಗುರಸಿದ್ದವ್ವ ಹಿತ್ತಲಿಗೆ ಬಂದು ನನ್ನನ್ನು ನೋಡಿದಳು. ಆ ಮನೆಯಲ್ಲಿ ಕಾಯಿಲೆಯವರಿಗೆ ಬೇಯಿಸುವ ಪಾತ್ರೆ ಫಳಫಳ ಎನ್ನಬೇಕು. ಅವಳ ಅತ್ತೆ ಕಲಿಸಿದ್ದು ಹಾಗೆ, ಅವಳು ಜೀವಮಾನವಿಡೀ ಮಾಡಿದ್ದೂ ಹಾಗೆ. "ಇಷ್ಟು ಕರ್ರಗಿದ್ದದ್ದರಾಗ ಜಡ್ಡಿನ ಮನುಷ್ಯಾಗ ಹ್ಯಾಂಗ ಕೊಡೂದು?" ಎಂದು ಗೊಣಗುತ್ತ ಕೂತುಬಿಟ್ಟಳು. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ, ತೆಂಗಿನ ನಾರು. ನಾನು ಕೂಗಿದೆ. ಕಬ್ಬಿಣದ ಕೂಗು ಯಾರಿಗೆ ಕೇಳೀತು? ಕೀಲುನೋವಿನ ಆ ಬೆರಳುಗಳು ಸುಮ್ಮನಾಗಲೇ ಇಲ್ಲ. ದಾವಲಸಾಬ ಒಂದು ಆಯುಷ್ಯವಿಡೀ ಕೂಡಿಸಿದ ಎಣ್ಣೆ ಕರಿನೀರಾಗಿ ಬಚ್ಚಲಿಗೆ ಹರಿಯಿತು. ಕೊನೆಗೆ ಒಣಬಟ್ಟೆಯಿಂದ ಒರೆಸಿ, ನನ್ನ ದಂಡೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು ಕೈಮುಗಿದಳು. ಯಾವ ಪೂಜೆಯಲ್ಲೂ ಇಷ್ಟು ಭಕ್ತಿ ಕಂಡಿಲ್ಲ. ನನಗೆ ಅವಳನ್ನು ಶಪಿಸಲೂ ಆಗಲಿಲ್ಲ.

ನೀಲಾ ಬಂದಳು. ನನ್ನನ್ನು ನೋಡಿ ಅವಳ ಕೈಯ ಚೀಲ ಜಾರಿತು.

"ನೋಡವ್ವಾ, ಬೆಳ್ಳಿ ಆಗೇತಿ," ಎಂದಳು ಮುದುಕಿ, ದಣಿದ ಮುಖದಲ್ಲಿ ನಗು ತಂದುಕೊಂಡು.

ನೀಲಾ ಬಿದ್ದ ಚೀಲ ಎತ್ತಿಕೊಂಡಳು. "ಹೂಂ ಅತ್ತಿ, ಚಲೋ ಆಗೇತಿ," ಎಂದು ಒಲೆ ಹಚ್ಚಿದಳು. ಎಣ್ಣೆ ಸುರಿದು ಕಾಯಿಸಿದಳು, ಮತ್ತೆ ಸುರಿದಳು. ಅಷ್ಟರಿಂದ ಏನಾಗುತ್ತದೆ?

ಮಡಿವಾಳಪ್ಪನನ್ನು ಹಿಡಿದು ತಂದು ಖುರ್ಚಿಯಲ್ಲಿ ಕೂರಿಸಿದರು. ಆ ಭಾರೀ ಮನುಷ್ಯ ಗುರುತೇ ಸಿಗದಷ್ಟು ಸೊರಗಿದ್ದ. ನನ್ನನ್ನು ನೋಡಿ ತುಟಿ ಅಲ್ಲಾಡಿಸಿದ. ಸ್ವರ ಬರಲಿಲ್ಲ, ಆದರೆ ಅವನು ಏನಂದ ಎಂದು ನನಗೆ ಗೊತ್ತು.

ನೀಲಾ ಉಂಡೆ ಒಗೆದು ಒತ್ತಿದಳು. ಅದು ನನ್ನ ಬತ್ತಲೆ ಮೈಗೆ ಕಚ್ಚಿಕೊಂಡಿತು. ಬಿಡು, ಬಿಡು ಎಂದು ನಾನು ನನಗೇ ಹೇಳಿಕೊಂಡೆ, ಬಿಡಲಾಗಲಿಲ್ಲ. ಅವಳು ಕೆರೆದಳು. ಅಂಚೆಲ್ಲ ನನ್ನಲ್ಲೇ ಉಳಿದು ಸುಟ್ಟಿತು, ನಡುವಿನ ಮೆತ್ತನೆಯ ಚೂರುಗಳಷ್ಟೇ ಎದ್ದುಬಂದವು. ಎರಡನೆಯದೂ ಹಾಗೆಯೇ. ಚೂರುಗಳನ್ನೇ ಬನ್ನಿನಲ್ಲಿಟ್ಟು ಕೊಟ್ಟಳು.

ಅವನು ಬನ್ನಿನ ಸುತ್ತ ಬೆರಳಾಡಿಸಿ ಅಂಚು ಹುಡುಕಿದ. ಒಂದು ಚೂರು ನಾಲಿಗೆ ಮೇಲಿಟ್ಟುಕೊಂಡ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆಮೇಲೆ ಹೆಂಡತಿಯ ಕೈ ತಟ್ಟಿದ.

ಸೋಮವಾರ ನಳಿಕೆ ಹಾಕಿದರು. ದೀಪಾವಳಿಗೆ ಮೊದಲೇ ಅವನು ಹೋದ.

ಮಾತನಾಡಿಸಲು ಬಂದ ಮಾಬೂಬಿ ಹಿತ್ತಲಲ್ಲಿ ತುಕ್ಕು ಹಿಡಿದ ನನ್ನನ್ನು ಕಂಡು ಎದೆ ಬಡಿದುಕೊಂಡಳು. "ಯಾ ಅಲ್ಲಾ! ಯಾರು ತಿಕ್ಕಿದ್ರು ಇದನ್ನ? ಆ ಕರೇದರಾಗ ಇತ್ತಲ್ಲ ಅದರ ಜೀವ!"

ಗುರಸಿದ್ದವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ತನ್ನ ಕೈಗಳನ್ನು ನೋಡಿಕೊಂಡಳು.

"ನಾನ ತಿಕ್ಕೀನ್ರಿ," ಎಂದಳು ನೀಲಾ. "ನನಗ ಗೊತ್ತಾಗಲಿಲ್ಲ."

ಮುದುಕಿ ಸೊಸೆಯ ಮುಖ ನೋಡಿದಳು.

ಮರುದಿನದಿಂದ ಗುರಸಿದ್ದವ್ವ ಮಧ್ಯಾಹ್ನವಾದರೆ ನನ್ನ ಹತ್ತಿರ ಬಂದು ಕೂರುತ್ತಾಳೆ. ಕಲ್ಲೊಲೆ ಹಚ್ಚಿ ನನ್ನನ್ನು ಕಾಯಿಸಿ, ಬಟ್ಟೆಯಿಂದ ಎಣ್ಣೆ ಸವರುತ್ತಾಳೆ, ಆರಿದ ಮೇಲೆ ಮತ್ತೆ ಸವರುತ್ತಾಳೆ. ಮಾಂಸ ಬೆಂದ ಕಬ್ಬಿಣವೆಂಬ ಹೇಸಿಗೆಯಿಲ್ಲ. ತುಕ್ಕು ಹೋಯಿತು, ಕಂದಾಯಿತು, ಕಪ್ಪು ಹತ್ತಿತು. ಈಗ ನಾನು ಮೊದಲಿನಂತೆಯೇ ಮಿಂಚುತ್ತೇನೆ. ಉಂಡೆ ಒಗೆದರೆ ಅಂಚು ಕಡಕ್ ಏಳುತ್ತದೆ. ಒಗೆಯುವವರು ಯಾರು? ಕೇಳುವ ಗಂಟಲು ಸುಟ್ಟು ಬೂದಿಯೂ ಆಗಲಿಲ್ಲ, ಅವರ ಮನೆತನದ ಪದ್ಧತಿಯಂತೆ ಮಣ್ಣೊಳಗೆ ಕೂತಿದೆ.

ಈಚೆಗೆ ಬಲಿತ ಕಣ್ಣಿನ ಪೊರೆಯಿಂದಾಗಿ ಮುದುಕಿಗೆ ನನ್ನ ಬಣ್ಣ ಸರಿಯಾಗಿ ಕಾಣುವುದಿಲ್ಲ. ದಿನವೂ ಬಟ್ಟೆ ಮಡಿಚಿಟ್ಟು ಕೇಳುತ್ತಾಳೆ: "ನೀಲಾ, ಈಗರೆ ಕರ್ರಗಾತೇನವ್ವಾ?"

ನೀಲಾ ಹಿತ್ತಲ ಬಾಗಿಲಿಗೆ ಬಂದು ನನ್ನನ್ನು ನೋಡುತ್ತಾಳೆ. ಕಪ್ಪಾಗಿ ಎಷ್ಟೋ ದಿನವಾಯಿತೆಂದು ಅವಳಿಗೆ ಗೊತ್ತು. ಆಯಿತು ಎಂದುಬಿಟ್ಟರೆ ನಾಳೆ ಮಧ್ಯಾಹ್ನ ಆ ಕೈಗಳು ಏನು ಮಾಡಬೇಕೆಂಬುದೂ ಗೊತ್ತು.

"ಇನ್ನೂ ಸ್ವಲ್ಪ ಆಗಬೇಕು, ಅತ್ತಿ," ಅನ್ನುತ್ತಾಳೆ.